ನೊಣದಕ್ಕ ಎಸೆಯದೆ ಇಟ್ಟ ಗ್ರಂಥಿಗಳು

ಪ್ರಾಣಿಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಮೂವತ್ತೊಂಬತ್ತು ವರ್ಷ ನೊಣ ಸಾಕಿದ ಹೆಂಗಸನ್ನು ಎಲ್ಲರೂ ನೊಣದಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆದರು, ವಿಭಾಗದ ಮುಖ್ಯಸ್ಥರೂ ಹಾಗೇ ಕರೆದರು. ಅವಳು ನಿವೃತ್ತಳಾಗಿ ಈಗ ಎಷ್ಟೋ ವರ್ಷ ಕಳೆದಿವೆ. ಆದರೂ ತರಕಾರಿ ಅಂಗಡಿಯಲ್ಲೋ ಬಸ್ಸಿನಲ್ಲೋ ಹಳೆಯ ವಿದ್ಯಾರ್ಥಿ ಯಾರಾದರೂ ಸಿಕ್ಕಿ "ನೊಣದಕ್ಕಾ" ಎಂದರೆ ಅವಳ ಮುಖ ಅರಳುತ್ತದೆ. ಸುತ್ತಲಿನವರು ತಿರುಗಿ ನೋಡುವುದು ಅವಳಿಗೆ ಲೆಕ್ಕಕ್ಕೇ ಇಲ್ಲ.

ಅವಳ ಅಪ್ಪ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಕೆಳಗಿನ ಸಂದಿಯೇ ಅವರ ಅಂಗಡಿ. ಇಬ್ಬರು ಕೂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ಅವಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಪ್ಪನ ಬಲಗೈ ನಡುಗಲು ಶುರುವಾಗಿತ್ತು. ಗಿರಾಕಿಗಳಿಗೆ ಅದು ಗೊತ್ತಾಗಬಾರದೆಂದು ಅವರು ಮುಂದೆ ಕೂತು ಲೋಕಾಭಿರಾಮವಾಗಿ ಮಾತಾಡುತ್ತಿದ್ದರು. ಹಿಂದೆ ಗೋಡೆಯ ಕಡೆ ಮುಖ ಮಾಡಿ ಕೂತ ಮಗಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮಟ ಹಿಡಿದು ಕೆಲಸ ಮುಗಿಸುತ್ತಿದ್ದಳು. ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗನ್ನು ಎತ್ತಿ ಕೂರಿಸುವಾಗ ಉಸಿರು ಬಿಗಿಹಿಡಿಯಬಾರದು, ನಿಧಾನವಾಗಿ ಬಿಡುತ್ತಿರಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು: ಯಾವ ಗಡಿಯಾರದ ಯಾವ ತುಣುಕನ್ನೂ ಎಸೆಯಬೇಡ, ಅದಕ್ಕೆ ಇನ್ನೂ ಏನು ಮಾಡೋಕಾಗುತ್ತೆ ಅಂತ ನಮಗೆ ಗೊತ್ತಿರಲ್ಲ.

ಒಂದು ದಿನ ಪ್ರಾಣಿಶಾಸ್ತ್ರದ ಮೇಷ್ಟ್ರು ನಿಂತುಹೋದ ಗಡಿಯಾರ ತಂದರು. ಅವರಿಗೆ ಆಗಿನ್ನೂ ನಲವತ್ತು ದಾಟಿರಲಿಲ್ಲ, ಆದರೆ ಕೂದಲು ಮಾತ್ರ ಅರ್ಧ ಬೆಳ್ಳಗಾಗಿತ್ತು. ಆರಡಿ ಮೇಲಿದ್ದ ಅವರು ಆ ಸಂದಿಯೊಳಗೆ ತಲೆ ಬಗ್ಗಿಸಲೇಬೇಕಾಯಿತು. ಬಗ್ಗಿಸಿದಾಗ ಹಿಂದೆ ಕೂತವಳ ಕೈ ಕಂಡಿತು. ಅಪ್ಪ ಏನೇನೋ ಮಾತು ತೆಗೆದರೂ ಅವರು ಹತ್ತು ನಿಮಿಷ ಆ ಕೈಯನ್ನೇ ನೋಡುತ್ತಾ ನಿಂತರು. ಕೊನೆಗೆ, "ನಿಮ್ಮ ಮಗಳನ್ನ ನಮ್ಮಲ್ಲಿಗೆ ಕೊಡ್ತೀರಾ?" ಎಂದರು.

ಅಪ್ಪ ಅವರ ಬಿಳಿಗೂದಲನ್ನೊಮ್ಮೆ, ಮಗಳನ್ನೊಮ್ಮೆ ನೋಡಿ ಗಂಭೀರವಾದರು. ಕೊಡುವುದು ಎಂದರೆ ಲ್ಯಾಬಿಗೆ, ನೊಣ ಸಾಕುವ ಕೆಲಸಕ್ಕೆ ಎಂದು ಮೇಷ್ಟ್ರು ಬಿಡಿಸಿ ಹೇಳುವಷ್ಟರಲ್ಲಿ ಬೆವತು ಹೋಗಿದ್ದರು. ವಿಷಯ ತಿಳಿದ ಮೇಲೆ ಅಪ್ಪ ನಕ್ಕು, "ನೊಣ ಹೊಡೆಯೋ ಕೆಲಸ ನನ್ನ ಅಂಗಡೀಲೇ ಬೇಕಾದಷ್ಟಿದೆಯಲ್ಲ ಸಾರ್, ಅದಕ್ಕೆ ಅಲ್ಲೀತನಕ ಯಾಕೆ ಹೋಗ್ಬೇಕು?" ಎಂದರು. ಆದರೆ ಮುಂದಿನ ಸೋಮವಾರ ತಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಅವಳಿಗೆ ಆಗ ಹತ್ತೊಂಬತ್ತು.

ನೊಣದ ಕೋಣೆ ಮೊದಲು ಹಳೆಯ ಬೆಂಚು, ಮುರಿದ ತಕ್ಕಡಿ ತುಂಬಿಡುವ ಉಗ್ರಾಣವಾಗಿತ್ತು. ಗೋಡೆಯ ಉದ್ದಕ್ಕೂ ಬಿಸಿನೀರಿನ ಕೊಳವೆ ಹಾದುಹೋಗಿದ್ದರಿಂದ ವರ್ಷವಿಡೀ ಬೆಚ್ಚಗಿರುತ್ತಿತ್ತು. ಕಬ್ಬಿಣದ ಹಲಗೆಗಳ ಮೇಲೆ ತೆಳುಬಟ್ಟೆ ಬಿಗಿದ ಇಪ್ಪತ್ತನಾಲ್ಕು ಪಂಜರ. ಒಂದೊಂದರಲ್ಲೂ ಸಕ್ಕರೆಯ ಗಟ್ಟಿ, ಹತ್ತಿಯ ಬತ್ತಿ ಇಳಿಬಿಟ್ಟ ನೀರಿನ ಸೀಸೆ, ನೀಲಿ ಮಿಂಚುವ ದಪ್ಪ ದಪ್ಪ ನೊಣಗಳು. ಕೆಳಗಿನ ಸಾಲಿನ ತಟ್ಟೆಗಳಲ್ಲಿ ಕುರಿಯ ಹಸಿ ಈಲಿ, ಅಂದರೆ ಲಿವರ್, ಅದರೊಳಗೆ ಗಿಜಿಗುಡುವ ಬಿಳಿ ಹುಳುಗಳು. ಹೊಟ್ಟೆ ತುಂಬಿದ ಹುಳುಗಳು ಮರದ ಹೊಟ್ಟಿಗಿಳಿದು ಕಂದು ಗುಳಿಗೆಗಳಂತೆ ಮಲಗಿ, ಆಮೇಲೆ ಒಂದು ದಿನ ರೆಕ್ಕೆ ಒದ್ದೆಯಾದ ನೊಣವಾಗಿ ಹೊರಬರುತ್ತಿದ್ದವು. ಮೊದಲ ದಿನ ಅವಳು ಎರಡು ಸಲ ವಾಂತಿ ಮಾಡಿಕೊಂಡಳು. ಎರಡನೆಯ ವಾರ ವಾಸನೆ ಅಭ್ಯಾಸವಾಯಿತು. ಮೂರನೆಯ ವಾರ ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತು ಬುತ್ತಿ ಬಿಚ್ಚಿ ಊಟ ಮಾಡುವುದನ್ನು ಕಂಡ ಗಾಜು ತೊಳೆಯುವ ಮುದುಕ, "ಇವಳು ನಮ್ಮ ನೊಣದಕ್ಕ" ಎಂದು ಊರಿಗೆಲ್ಲ ಸಾರಿದ. ಆ ಹೆಸರು ಅಂಟಿದ್ದು ಹಾಗೆ.

ನೊಣವೇ ಯಾಕೆ ಎಂದು ಅವಳು ಕೇಳಿದಾಗ ಮೇಷ್ಟ್ರು ಸಕ್ಕರೆಯ ಗಟ್ಟಿ ತೋರಿಸಿದರು. ನೊಣಕ್ಕೆ ಹಲ್ಲಿಲ್ಲ. ಒಣ ಸಕ್ಕರೆಯ ಮೇಲೆ ಕೂತರೆ ಮೊದಲು ಜೊಲ್ಲು ಸುರಿಸಿ ಕರಗಿಸಿ ಆಮೇಲೆ ಹೀರಬೇಕು. ಜೊಲ್ಲು ಬರುವುದು ಮೈಯುದ್ದಕ್ಕೂ ಮಲಗಿರುವ ಎರಡು ಸಣ್ಣ ಕೊಳವೆಗಳಿಂದ, ಅವೇ ಗ್ರಂಥಿಗಳು. ರಕ್ತದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಮುಟ್ಟಿದೊಡನೆ ಗ್ರಂಥಿ ನಲ್ಲಿ ಬಿಟ್ಟಹಾಗೆ ಸುರಿಸತೊಡಗುತ್ತದೆ. ಮೇಷ್ಟ್ರಿಗೆ ಕಾಡುತ್ತಿದ್ದ ಪ್ರಶ್ನೆ ಒಂದೇ. ಆ ರಾಸಾಯನಿಕ ಜೀವಕೋಶದ ಒಳಕ್ಕೆ ಹೋಗುವುದೇ ಇಲ್ಲ, ಹೊರಗಿನ ಪೊರೆಯನ್ನು ಮುಟ್ಟಿ ಅಲ್ಲೇ ನಿಲ್ಲುತ್ತದೆ. ಹಾಗಾದರೆ ಒಳಗಿರುವವರಿಗೆ ಸುದ್ದಿ ತಲುಪಿಸುವವರು ಯಾರು?

"ಒಳಗಡೆ ಕ್ಯಾಲ್ಸಿಯಂ ಏರುತ್ತೆ, ಅದು ಗೊತ್ತು," ಎಂದಿದ್ದರು. "ಕ್ಯಾಲ್ಸಿಯಂ ಏರಿದ್ರೆ ಕೆಲಸ ಶುರು, ಇಳಿದ್ರೆ ಕೆಲಸ ಬಂದ್. ಆದ್ರೆ ಅದಕ್ಕೆ ಬಾಗಿಲು ತೆಗೆಯೋರು ಯಾರು ಅನ್ನೋದೇ ಗೊತ್ತಿಲ್ಲ."

ಕೆಲಸ ನೋಡಲು ಸರಳ, ಮಾಡಲು ಜೀವ ಹಿಂಡುವಂಥದು. ನೊಣವನ್ನು ಮಂಜುಗಡ್ಡೆಯ ಮೇಲೆ ಮಲಗಿಸಿ ನಿಶ್ಚಲವಾಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಬಗೆದು, ಹರಿಯದಂತೆ ಗ್ರಂಥಿಯನ್ನು ಎಳೆದು ತೆಗೆಯಬೇಕು. ಎಣ್ಣೆಯಂಥ ದ್ರವದೊಳಗೆ ಉಪ್ಪುನೀರಿನ ಒಂದು ಹನಿ, ಆ ಹನಿಯಲ್ಲಿ ಗ್ರಂಥಿ. ರೇಷ್ಮೆಯ ಒಂದೇ ಒಂದು ಎಳೆಯಿಂದ ಅದರ ತುದಿಗೆ ಗಂಟು ಹಾಕಿ, ಹನಿಯಾಚೆಗೆ ಎಳೆದು ಗಾಜಿನ ಕಡ್ಡಿಗೆ ಸುತ್ತಬೇಕು. ಆಮೇಲೆ ಸೆರೊಟೋನಿನ್ ಹಾಕಿದರೆ ಕೊಳವೆಯ ಬಾಯಲ್ಲಿ ಜೊಲ್ಲಿನ ಮಣಿ ಊದಿಕೊಳ್ಳುತ್ತದೆ. ಎರಡು ನಿಮಿಷಕ್ಕೊಮ್ಮೆ ಅದನ್ನು ತೆಗೆದು ಅಳೆಯಬೇಕು. ಮೇಷ್ಟ್ರು ಹತ್ತರಲ್ಲಿ ಎಂಟು ಗ್ರಂಥಿ ಹರಿಯುತ್ತಿದ್ದರು. ನೊಣದಕ್ಕ ಆರು ತಿಂಗಳಲ್ಲಿ ಹತ್ತಕ್ಕೆ ಹತ್ತನ್ನೂ ಎತ್ತತೊಡಗಿದಳು. ಅಲ್ಲಿಂದ ಮುಂದೆ ಆ ವಿಭಾಗದಲ್ಲಿ ಯಾರ ಪ್ರಯೋಗವಾದರೂ ಮೊದಲು ಅವಳ ಕೈ ದಾಟಿಯೇ ಹೋಗಬೇಕು ಎಂದಾಯಿತು.

ಇಪ್ಪತ್ತನಾಲ್ಕಕ್ಕೆ ಮದುವೆಯಾಯಿತು. ಗಂಡ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು. ಒಂದೊಂದೇ ಅಕ್ಷರ ಹೆಕ್ಕಿ, ತಿರುಗುಮುರುಗಾಗಿ ಓದಿ, ಸಾಲು ಕಟ್ಟುವವನು. ಇಬ್ಬರದೂ ಕಣ್ಣು ಸವೆಸುವ ಕೆಲಸವೇ ಆದ್ದರಿಂದ ಸಂಜೆ ಇಬ್ಬರೂ ದೀಪ ಹಚ್ಚದೆ ಕೂತು ಮಾತಾಡುವುದನ್ನು ಇಷ್ಟಪಡುತ್ತಿದ್ದರು. ಅತ್ತೆಗೆ ಮಾತ್ರ ಸೊಸೆಯ ಕೆಲಸದ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಮನೆಯಲ್ಲಿ ಒಂದು ನೊಣ ಕಂಡರೂ ಅದು ಸೊಸೆಯ ಸೆರಗು ಹಿಡಿದುಕೊಂಡೇ ಬಂದದ್ದು ಎಂದು ತೀರ್ಮಾನ. "ಎಲ್ಲರ ಮನೇಲೂ ನೊಣ ಓಡಿಸ್ತಾರೆ, ನಮ್ಮ ಮನೆಯವಳು ಅದಕ್ಕೆ ಸಕ್ಕರೆ ಹಾಕಿ ಸಾಕ್ತಾಳೆ" ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಬರಬರುತ್ತಾ ಆ ದೂರಿನಲ್ಲೇ ಒಂದಿಷ್ಟು ಜಂಬವೂ ಸೇರಿಕೊಂಡಿತು.

ನಡೆದದ್ದೆಲ್ಲ ನಡೆದದ್ದು ಅವಳು ಸೇರಿದ ಹನ್ನೊಂದನೆಯ ವರ್ಷದಲ್ಲಿ.

ಆಗ ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು ಒಬ್ಬ ಹುಡುಗಿ. ದಪ್ಪ ಕನ್ನಡಕ, ಗಂಡಸರ ಹಾಗೆ ಬೀಸು ನಡಿಗೆ. ಎಲ್ಲರೂ ಅವಳನ್ನು ಕನ್ನಡಕ ಎನ್ನುತ್ತಿದ್ದರು. ಪೊರೆಯಲ್ಲಿರುವ ಒಂದು ಜಾತಿಯ ಕೊಬ್ಬು ಸೆರೊಟೋನಿನ್ ಮುಟ್ಟಿದಾಗ ಒಡೆಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಕ್ಯಾಲ್ಸಿಯಂ ಏರುವುದಕ್ಕೂ ಈ ಕೊಬ್ಬು ಒಡೆಯುವುದಕ್ಕೂ ಏನು ನಂಟು ಎಂಬುದೇ ಜಗಳ. ಕ್ಯಾಲ್ಸಿಯಂ ಮೊದಲು ಏರುತ್ತದೆ, ಕೊಬ್ಬು ಒಡೆಯುವುದು ಅದರ ಫಲ ಎಂದು ಮೇಷ್ಟ್ರು. ಕೊಬ್ಬು ಒಡೆಯುವುದೇ ಮೊದಲು, ಅದರಿಂದಲೇ ಕ್ಯಾಲ್ಸಿಯಂನ ಬಾಗಿಲು ತೆರೆಯುವುದು ಎಂದು ಕನ್ನಡಕ. ಮೆಟ್ಟಿಲ ಮೇಲೆ ನಿಂತು ಇಬ್ಬರೂ ಇದೇ ವಾದ ಮಾಡುತ್ತಿದ್ದರೆ ಕೆಳಗೆ ನೊಣದಕ್ಕನಿಗೆ ಎಲ್ಲವೂ ಕೇಳಿಸುತ್ತಿತ್ತು.

ಕನ್ನಡಕ ಗ್ರಂಥಿಗಳನ್ನು ದಣಿಸುತ್ತಿದ್ದಳು. ಎರಡು ಗಂಟೆ ಬಿಡದೆ ಸೆರೊಟೋನಿನ್ ಹಾಕಿದರೆ ಗ್ರಂಥಿ ಸುಸ್ತಾಗಿ ನಿಂತುಬಿಡುತ್ತಿತ್ತು. ಆಮೇಲೆ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಪ್ರಯೋಗ ಮುಗಿದ ಮೇಲೆ ಆ ಗ್ರಂಥಿಗಳು ಕಸಕ್ಕೆ. ನೊಣದಕ್ಕನಿಗೆ ಮಾತ್ರ ಅದು ಕಸ ಅನ್ನಿಸಲಿಲ್ಲ. ಹರಿಯದೆ ಎತ್ತಿದ ಗ್ರಂಥಿ, ಗಂಟು ಸಹಿತ ಸರಿಯಾಗಿದೆ. ಹೊಸಬರಿಗೆ ಗಂಟು ಹಾಕುವುದು ಕಲಿಸಲಾದರೂ ಆದೀತು ಎಂದು ಅವುಗಳನ್ನು ಒಂದು ಗಾಜಿನ ತಟ್ಟೆಯಲ್ಲಿ ಉಪ್ಪುನೀರು ಹಾಕಿ ಎತ್ತಿಡುತ್ತಿದ್ದಳು.

ಒಂದು ಬುಧವಾರ ಉಪ್ಪುನೀರಿನ ಸೀಸೆ ಖಾಲಿಯಾಗಿತ್ತು. ಮೇಲಿನ ಮಹಡಿಯಲ್ಲಿ ಜೀವಕೋಶಗಳನ್ನು ಬೆಳೆಸುವ ಕೋಣೆಯವರು ಒಂದು ಪೋಷಕ ದ್ರವ ತಯಾರಿಸುತ್ತಿದ್ದರು, ಅದರಲ್ಲಿ ಉಳಿದದ್ದನ್ನು ಅವಳಿಗೆ ಕೊಟ್ಟಿದ್ದರು. ಸದ್ಯಕ್ಕೆ ಇದೇ ಸಾಕು ಎಂದು ದಣಿದ ನಾಲ್ಕು ಗ್ರಂಥಿಗಳನ್ನು ಅದರಲ್ಲೇ ಹಾಕಿ, ಪಂಜರಗಳ ಬಟ್ಟೆ ಬದಲಿಸಲು ಹೋದಳು. ಮೂರು ಗಂಟೆ ಬಿಟ್ಟು ಬಂದವಳಿಗೆ ಸುಮ್ಮನೆ ಒಂದು ಕುತೂಹಲ. ಒಂದು ಗ್ರಂಥಿಯನ್ನು ಎತ್ತಿ ಹೊಸದಾಗಿ ಬೆರೆಸಿದ ಉಪ್ಪುನೀರಿನ ಹನಿಗೆ ಹಾಕಿ ಒಂದಿಷ್ಟು ಸೆರೊಟೋನಿನ್ ಕೊಟ್ಟಳು. ಕೊಳವೆಯ ಬಾಯಲ್ಲಿ ಮಣಿ ಮೂಡಿತು. ಮೊದಲು ಸಣ್ಣದು, ಆಮೇಲೆ ದಪ್ಪದು, ಆಮೇಲೆ ಹೊಸ ಗ್ರಂಥಿಯ ಮಣಿಯಷ್ಟೇ ದಪ್ಪ. ಉಳಿದ ಮೂರೂ ಹಾಗೇ.

ಅವಳು ಯಾರಿಗೂ ಹೇಳಲಿಲ್ಲ. ತನ್ನ ಕಣ್ಣೇ ತನಗೆ ಮೋಸ ಮಾಡಿರಬಹುದು ಎಂಬ ಅನುಮಾನ. ಒಂದು ವಾರ ಪೂರ್ತಿ ಊಟದ ಹೊತ್ತಿನಲ್ಲಿ ಇದನ್ನೇ ಮಾಡಿದಳು. ಅರ್ಧದಷ್ಟು ಗ್ರಂಥಿಗಳು ಬರೀ ಉಪ್ಪುನೀರಿನಲ್ಲಿ, ಇನ್ನರ್ಧ ಪೋಷಕ ದ್ರವದಲ್ಲಿ. ಉಪ್ಪುನೀರಿನವು ಮಲಗಿದ ಹಾಗೇ ಮಲಗಿದ್ದವು. ದ್ರವದಲ್ಲಿದ್ದವು ಎದ್ದು ಕೂತವು. ಎಲ್ಲವನ್ನೂ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆದಿಟ್ಟು, ಮುಂದಿನ ಗುರುವಾರ ಕನ್ನಡಕಳ ಮುಂದೆ ಇಟ್ಟಳು. ಕನ್ನಡಕ ಅದನ್ನು ಮೂರು ಸಲ ಓದಿ, ಹಾಳೆಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು.

ಮೇಷ್ಟ್ರು ನಂಬಲಿಲ್ಲ. ತಟ್ಟೆ ಸರಿಯಾಗಿ ತೊಳೆದಿರಲಿಕ್ಕಿಲ್ಲ ಎಂದರು. ಇಲ್ಲವೇ ದಣಿಯದ ಗ್ರಂಥಿಗಳು ಬೆರಕೆಯಾಗಿರಬೇಕು ಎಂದರು. ಆ ಮಾತಿಗೆ ನೊಣದಕ್ಕನ ಕಿವಿ ಕೆಂಪಾಯಿತು. ಹಾಗಾದರೆ ತಟ್ಟೆಗಳಿಗೆ ನಂಬರು ಹಾಕಿ, ಯಾವುದರಲ್ಲಿ ಏನಿದೆಯೆಂದು ನನಗೆ ಹೇಳಬೇಡಿ, ನಾನು ಬರೀ ಮಣಿ ಅಳೆದು ಕೊಡುತ್ತೇನೆ ಎಂದಳು. ಹಾಗೇ ಮಾಡಿದರು. ಒಂದು ಸಲವಲ್ಲ, ಮೇಷ್ಟ್ರು ಸಮಾಧಾನವಾಗದೆ ಆರು ಸಲ ಮಾಡಿಸಿದರು. ನಂಬರುಗಳ ಗುಟ್ಟು ಬಿಚ್ಚಿದಾಗಲೆಲ್ಲ ಅವಳು ಅಳೆದದ್ದೇ ಸರಿಯಾಗಿತ್ತು.

ಆಮೇಲೆ ಶುರುವಾಯಿತು ನಿಜವಾದ ಹುಡುಕಾಟ. ಪೋಷಕ ದ್ರವದಲ್ಲಿ ನಲವತ್ತಕ್ಕೂ ಹೆಚ್ಚು ಪದಾರ್ಥಗಳು. ಅವುಗಳಲ್ಲಿ ಗ್ರಂಥಿಯನ್ನು ಎಬ್ಬಿಸಿದ್ದು ಯಾವುದು? ಮೊದಲು ಅರ್ಧಕ್ಕರ್ಧ ಬಿಟ್ಟು ನೋಡುವುದು, ಆಮೇಲೆ ಅದರಲ್ಲಿ ಅರ್ಧ. ಹನ್ನೊಂದು ವಾರ ಮೂವರಿಗೂ ಬೇರೆ ಲೋಕವೇ ಇರಲಿಲ್ಲ. ನೊಣದಕ್ಕ ಬೆಳಿಗ್ಗೆ ಗ್ರಂಥಿ ಎತ್ತುವಳು, ಕನ್ನಡಕ ದ್ರವ ಬೆರೆಸುವಳು, ಮೇಷ್ಟ್ರು ಪಾಠ ಮುಗಿಸಿ ಸೀಮೆಸುಣ್ಣದ ಕೈಯಲ್ಲೇ ಇಳಿದು ಬರುವರು. ಈಗ ನೆನೆದರೆ ಅವಳಿಗೆ ಆ ಕೋಣೆಯ ವಾಸನೆಯೇ ಮೂಗಿಗೆ ಬಡಿಯುತ್ತದಂತೆ: ಕೊಳೆತ ಈಲಿ, ಬಿಸಿ ಕೊಳವೆಯ ತುಕ್ಕು, ಕನ್ನಡಕ ಗಂಟೆಗೊಮ್ಮೆ ತರುತ್ತಿದ್ದ ಕಡು ಚಹಾ. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿಯೊಬ್ಬರ ಮೂಗಿನ ಮೇಲೆ ನೊಣ ಕೂತಿತು. ಅಲುಗಾಡಬೇಡಿ ಎಂದು ಹೇಳಿ ನೊಣದಕ್ಕ ಅದನ್ನು ಚಿಮಟದಲ್ಲೇ ರೆಕ್ಕೆ ಹಿಡಿದು ಎತ್ತಿದಳು. ಆ ಕಥೆ ವಿಭಾಗದಲ್ಲಿ ವರ್ಷಗಟ್ಟಲೆ ಓಡಾಡಿತು.

ಕೊನೆಗೆ ಉಳಿದದ್ದು ಒಂದೇ ಒಂದು. ಇನಾಸಿಟಾಲ್ ಎಂಬ, ನೋಡಲು ಸಕ್ಕರೆಯಂಥ ಬಿಳಿ ಪುಡಿ.

ಅದನ್ನು ಕೇಳಿದ ಮೇಷ್ಟ್ರು ಮೊದಲ ಸಲ ನೊಣದ ಕೋಣೆಯ ಸ್ಟೂಲಿನ ಮೇಲೆ ಕೂತರು. ಅದಕ್ಕೆ ಮುಂಚೆ ಅವರು ಅಲ್ಲಿ ನಿಂತೇ ಮಾತಾಡಿ ಹೋಗುತ್ತಿದ್ದವರು. ಪೊರೆಯಲ್ಲಿ ಒಡೆಯುವ ಆ ಕೊಬ್ಬಿಗೆ ಬಾಲದ ಹಾಗೆ ಅಂಟಿಕೊಂಡಿರುವುದೇ ಇನಾಸಿಟಾಲ್. ಎರಡು ಗಂಟೆ ಹೊತ್ತು ಸೆರೊಟೋನಿನ್ ಕೊಟ್ಟರೆ ಕೊಬ್ಬೆಲ್ಲ ಒಡೆದು ಇನಾಸಿಟಾಲ್ ಹೊರಗೆ ಸೋರಿಹೋಗುತ್ತದೆ. ಮತ್ತೆ ಕೊಟ್ಟರೆ ಗ್ರಂಥಿ ಆ ಕೊಬ್ಬನ್ನು ಮತ್ತೆ ಕಟ್ಟಿಕೊಳ್ಳುತ್ತದೆ, ಆಗಲೇ ಕ್ಯಾಲ್ಸಿಯಂನ ಬಾಗಿಲೂ ತೆರೆಯುತ್ತದೆ. ಇದನ್ನೆಲ್ಲ ಅವರು ನೆಲ ನೋಡುತ್ತಾ ಹೇಳಿದರು. ಆಮೇಲೆ ಕನ್ನಡಕಳ ಕಡೆ ತಿರುಗಿ, "ನೀನು ಹೇಳಿದ್ದೇ ಸರಿ. ಕೊಬ್ಬೇ ಮೊದಲು," ಎಂದರು. ಸೋತವರ ದನಿಯಲ್ಲ ಅದು. ಬಹಳ ದಿನದ ಹಲ್ಲುನೋವು ಹೋದವರ ದನಿ.

ಪ್ರಬಂಧ ಬರೆದರು. ಬೆರಳಚ್ಚಾಗಿ, ಲಕೋಟೆಯೊಳಗೆ ಸೇರಿತ್ತು. ಅಂಚೆಗೆ ಹಾಕಬೇಕಾದ ದಿನ ಬೆಳಿಗ್ಗೆ ಗ್ರಂಥಾಲಯಕ್ಕೆ ವಿಜ್ಞಾನ ಪತ್ರಿಕೆಯ ಹೊಸ ಸಂಚಿಕೆ ಬಂತು. ದೂರದ ಇನ್ಯಾವುದೋ ಲ್ಯಾಬಿನವರು ಇದೇ ಕೆಲಸ ಮಾಡಿ, ಇದೇ ಉತ್ತರ ಕಂಡು, ಅಚ್ಚು ಹಾಕಿಸಿದ್ದರು. ಅವರದೂ ನೊಣವೇ.

ಕನ್ನಡಕ ಶೌಚಾಲಯಕ್ಕೆ ಹೋಗಿ ಅತ್ತು ಬಂದಳು. ಮೇಷ್ಟ್ರು ನೆಲಮಾಳಿಗೆಗೆ ಬಂದು, ಪಂಜರಗಳ ಮುಂದೆ ಕೈಕಟ್ಟಿ ನಿಂತು, ನಾನು ನಂಬದೆ ಆರು ಸಲ ಮಾಡಿಸಿದ್ದೇ ತಪ್ಪಾಯಿತು ಎಂದರು. ನೊಣದಕ್ಕ ಕೇಳಿದಳು: "ಅವರಿಗೂ ಇದೇ ಬಂತಾ ಸಾರ್?"

"ಹೂಂ. ಇದೇ."

"ಹಾಗಾದ್ರೆ ನಾವು ನೋಡಿದ್ದು ನಿಜ ಅಂತಾಯ್ತಲ್ಲ."

ಮೇಷ್ಟ್ರು ಅವಳ ಮುಖ ನೋಡಿ ನಕ್ಕರು. ಲಕೋಟೆಯ ವಿಳಾಸ ಬದಲಿಸಿ, ಪ್ರಬಂಧವನ್ನು ಅರ್ಧಕ್ಕೆ ಇಳಿಸಿ, ಸಣ್ಣದೊಂದು ಪತ್ರಿಕೆಗೆ ಕಳಿಸಿದರು. ನಾವೂ ಕಂಡೆವು ಎಂದು ಹೇಳಲಷ್ಟೇ.

ಅದರ ಬರಹಗಾರರ ಸಾಲಿನ ವಿಷಯಕ್ಕೆ ಒಂದು ಗಲಾಟೆ ನಡೆಯಿತು. ನೊಣದಕ್ಕನ ಹೆಸರನ್ನೂ ಮೇಲೆ ಸೇರಿಸಬೇಕು ಎಂದು ಕನ್ನಡಕ ಹಟ ಹಿಡಿದಳು. ಡಿಗ್ರಿ ಇಲ್ಲದವರ ಹೆಸರು ಹಾಕಿದರೆ ಪತ್ರಿಕೆಯವರು ಏನೆಂದುಕೊಳ್ಳುತ್ತಾರೆ, ಹಾಗೆ ಎಲ್ಲೂ ರೂಢಿಯಿಲ್ಲ ಎಂದು ಮೇಷ್ಟ್ರು. ಕೊನೆಗೆ ಅಚ್ಚಾಗಿ ಬಂದಾಗ ಮೇಲೆ ಎರಡು ಹೆಸರಿದ್ದವು. ಕಡೆಯ ಪುಟದ ತಳದಲ್ಲಿ, ನೊಣಗಳನ್ನು ಚೆನ್ನಾಗಿ ಸಾಕಿಕೊಟ್ಟದ್ದಕ್ಕೆ ಎಂದು ಅವಳಿಗೆ ವಂದನೆ ಇತ್ತು.

ಅವಳು ಅದನ್ನು ಮನೆಗೆ ತಂದು ಗಂಡನಿಗೆ ತೋರಿಸಿದಳು. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆದರೆ ಅಚ್ಚು ಗೊತ್ತು. ಪುಟವನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿ, ತಳದ ಸಾಲಿನ ಮೇಲೆ ಹೆಬ್ಬೆರಳು ಇಟ್ಟ.

"ಇದು ಸಣ್ಣ ಮೊಳೆ. ನಾವು ಅಡಿಟಿಪ್ಪಣಿಗೆ ಹಾಕೋದು," ಎಂದ. "ಗ್ರಂಥಿ ಎತ್ತಿಟ್ಟದ್ದು ನೀನು ಅಂತ ಎಲ್ಲಿ ಬರೆದಿದ್ದಾರೆ?"

ಎಲ್ಲೂ ಬರೆದಿರಲಿಲ್ಲ. ಹೋಗಲಿ ಬಿಡಿ ಎಂದಳು. ಆದರೆ ಅಂದು ಊಟದ ತಟ್ಟೆ ತೊಳೆಯುವಾಗ ಒಂದೇ ತಟ್ಟೆಯನ್ನು ಬಹಳ ಹೊತ್ತು ತೊಳೆಯುತ್ತಿದ್ದಳಂತೆ. ಅತ್ತೆ ಬಂದು ನಲ್ಲಿ ನಿಲ್ಲಿಸಿದರು. ಮರುದಿನ ಎಂದಿನಂತೆ ಎಂಟೂವರೆಗೆ ಪಂಜರಗಳಿಗೆ ಸಕ್ಕರೆ ಹಾಕಿದಳು. ಕನ್ನಡಕ ಅದೇ ವರ್ಷ ಬೇರೆ ಸಂಸ್ಥೆಗೆ ಹೋದಳು. ಹೋಗುವ ಮುಂಚೆ ನೊಣದಕ್ಕನನ್ನು ಅಪ್ಪಿಕೊಂಡಳು, ಆದರೆ ಮೇಷ್ಟ್ರ ಕೋಣೆಗೆ ಹೋಗಿ ಹೇಳಿ ಹೋಗಲಿಲ್ಲ.

ನಾಲ್ಕೈದು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಾ ಇಳಿದು ಬಂದರು. ಕೈಯಲ್ಲಿ ಬಿಚ್ಚಿದ ಪತ್ರಿಕೆ. ಬಾಗಿಲು ತೆರೆಯುವವನು ಸಿಕ್ಕಿಬಿಟ್ಟ ಎಂದರು. ನೊಣದಕ್ಕ ಹುಳುವಿನ ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡಳು. ಮೇಷ್ಟ್ರು ಸೀಮೆಸುಣ್ಣ ತೆಗೆದು ಕಬ್ಬಿಣದ ಹಲಗೆಯ ಮೇಲೆಯೇ ಚಿತ್ರ ಬರೆದರು. ಪೊರೆಯಲ್ಲಿರುವ ಕೊಬ್ಬು ಎರಡು ತುಂಡಾಗುತ್ತದೆ. ಒಂದು ತುಂಡು ಎಣ್ಣೆಯಂಥದು, ಪೊರೆಯಲ್ಲೇ ಉಳಿದು ಅಲ್ಲೊಂದು ಕೆಲಸ ಮಾಡುತ್ತದೆ. ಇನಾಸಿಟಾಲ್ ಇರುವ ಇನ್ನೊಂದು ತುಂಡು ನೀರಿನಲ್ಲಿ ಕರಗುವಂಥದು. ಅದು ಪೊರೆಯಿಂದ ಕಳಚಿಕೊಂಡು ಒಳಗೆ ಈಜುತ್ತದೆ. ಜೀವಕೋಶದೊಳಗೇ ಚೀಲದಂಥ ಒಂದು ಉಗ್ರಾಣದಲ್ಲಿ ಕ್ಯಾಲ್ಸಿಯಂ ತುಂಬಿಟ್ಟಿರುತ್ತದೆ. ಈ ತುಂಡು ಹೋಗಿ ಅದರ ಬಾಗಿಲಿಗೆ ಕೂತೊಡನೆ ಕ್ಯಾಲ್ಸಿಯಂ ನುಗ್ಗಿ ಹೊರಬರುತ್ತದೆ. ಕೆಲಸ ಮುಗಿದ ಮೇಲೆ ಪಂಪುಗಳು ಅದನ್ನು ಮತ್ತೆ ಚೀಲಕ್ಕೆ ತುಂಬುತ್ತವೆ.

"ಹಾಗಾದ್ರೆ ಹೊರಗಿಂದ ಬಂದೋರು ಬಾಗಿಲಲ್ಲೇ ನಿಂತ್ರು, ಮನೆ ಗೋಡೆಯ ಚೂರೇ ಒಳಗೆ ಸುದ್ದಿ ತಗೊಂಡು ಹೋಯ್ತು," ಎಂದಳು ನೊಣದಕ್ಕ.

"ಅಷ್ಟೇ. ಗೋಡೆಯ ಚೂರು," ಎಂದರು ಮೇಷ್ಟ್ರು. ಅದು ನೊಣದ್ದೊಂದೇ ಅಲ್ಲ, ನಮ್ಮ ಜೊಲ್ಲು, ನಮ್ಮ ರಕ್ತನಾಳ, ನಮ್ಮ ಮಿದುಳು ಎಲ್ಲದರಲ್ಲೂ ಹೀಗೇ ಎಂದು ಸೇರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಕಂಡುಹಿಡಿದವರು ಬೇರೆಯವರು ಎಂಬ ಕೊರಗು ಆ ದಿನ ಅವರ ಮುಖದಲ್ಲಿ ಹುಡುಕಿದರೂ ಸಿಗಲಿಲ್ಲ. ಸಂಜೆ ಅವಳು ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಗಮನವಿಟ್ಟು ಕೇಳಿ, "ಅಂತೂ ನೊಣಕ್ಕೂ ನಮಗೂ ಒಂದೇ ಜೊಲ್ಲು ಅನ್ನು," ಎಂದು ಎದ್ದು ಹೋದರು.

ಮೇಷ್ಟ್ರು ನಿವೃತ್ತರಾದರು. ನೊಣಗಳಿಗೆ ಬೇಡಿಕೆ ಇಳಿಯಿತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳೇ ಎಲ್ಲರಿಗೂ ಸಾಕಾದವು. ಇಪ್ಪತ್ತನಾಲ್ಕು ಪಂಜರ ಹತ್ತಾಯಿತು, ಹತ್ತು ನಾಲ್ಕಾಯಿತು. ಆ ನಾಲ್ಕನ್ನು ಅವಳು ಬರೀ ವಿದ್ಯಾರ್ಥಿಗಳಿಗೆ ತೋರಿಸಲೆಂದು ಇಟ್ಟುಕೊಂಡಿದ್ದಳು.

ನಿವೃತ್ತಿಗೆ ಎರಡು ತಿಂಗಳಿರುವಾಗ ಹೊಸದಾಗಿ ಸೇರಿದ ಯುವ ಅಧ್ಯಾಪಕನೊಬ್ಬ ಅವಳನ್ನು ಮೇಲಿನ ಕತ್ತಲೆ ಕೋಣೆಗೆ ಕರೆದ. ನೀವು ಇದನ್ನ ನೋಡಲೇಬೇಕಂತೆ, ಮೇಷ್ಟ್ರು ಫೋನ್ ಮಾಡಿ ಹೇಳಿದ್ದಾರೆ ಎಂದ. ಕ್ಯಾಲ್ಸಿಯಂ ತಾಗಿದರೆ ಹೊಳೆಯುವ ಒಂದು ಬಣ್ಣವನ್ನು ಜೀವಕೋಶಗಳೊಳಗೆ ತುಂಬಿದ್ದ. ಪರದೆಯ ಮೇಲೆ ಅವು ಮಸುಕಾದ ಕಲ್ಲುಗಳಂತೆ ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಅವನು ಒಂದು ಹನಿ ಹಾರ್ಮೋನು ಬಿಟ್ಟ. ನಾಲ್ಕೈದು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಒಂದು ಕೋಶದ ಅಂಚಿನಲ್ಲಿ ಬೆಳಕು ಹತ್ತಿಕೊಂಡಿತು. ಅದು ಅಲೆಯ ಹಾಗೆ ಆಚೆಯ ಅಂಚಿನವರೆಗೆ ಹರಿದು, ಪಕ್ಕದ ಕೋಶಕ್ಕೆ ದಾಟಿ, ಆರಿ, ಮತ್ತೆ ಹತ್ತಿಕೊಂಡಿತು.

ಇಷ್ಟು ವರ್ಷ ಅವಳು ಕಂಡದ್ದು ಕೊಳವೆಯ ಬಾಯಿಯ ಮಣಿ ಮಾತ್ರ. ಮಣಿ ದಪ್ಪವಾದರೆ ಒಳಗೆ ಕ್ಯಾಲ್ಸಿಯಂ ಏರಿದೆ, ಸಣ್ಣದಾದರೆ ಇಳಿದಿದೆ ಎಂದು ಊಹಿಸಿಕೊಂಡವಳು. ಆ ಏರಿಳಿತ ಈಗ ಕಣ್ಣೆದುರಿಗೇ ಇತ್ತು. ಇನ್ನೊಂದು ಸಲ ಹಾಕಪ್ಪ ಎಂದಳು. ಅವನು ಹಾಕಿದ. ಐದು ಸಲ ಹಾಕಿಸಿದಳು. ಹೊರಗೆ ಬಂದ ಮೇಲೆ ಕಾರಿಡಾರಿನ ಬೆಳಕಿಗೆ ಕಣ್ಣು ಕೋರೈಸಿ, ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಕನ್ನಡಕ ಇದನ್ನು ನೋಡಿರುತ್ತಾಳೆ, ಅವಳ ಲ್ಯಾಬಿನಲ್ಲಿ ದಿನಾ ನೋಡುತ್ತಿರುತ್ತಾಳೆ ಎಂದುಕೊಂಡಾಗ ಸಮಾಧಾನವಾಯಿತು.

ಕೊನೆಯ ದಿನ ನೊಣಗಳನ್ನು ಫ್ರೀಜರಿನಲ್ಲಿಡಲು ಹೇಳಿದ್ದರು. ಹೇಳಿದ ಹಾಗೇ ಇಟ್ಟಳು. ಪಂಜರದ ಬಟ್ಟೆಗಳನ್ನು ಬಿಚ್ಚಿ, ಒಗೆದು, ಮಡಿಸಿ ಬೀರುವಿನಲ್ಲಿಟ್ಟಳು. ಯಾರಿಗೆ ಬೇಕು ಎಂದು ಕೇಳಿದವರಿಗೆ, ಬೇಡದಿದ್ದರೆ ಒರೆಸಲಾದರೂ ಆದೀತು ಎಂದಳು.

ಮೇಷ್ಟ್ರಿಗೆ ಪಾರ್ಶ್ವವಾಯು ಬಡಿದದ್ದು ಅದಾದ ಮೂರು ವರ್ಷಕ್ಕೆ. ಸುದ್ದಿ ತಿಳಿದು ಅವಳು ನೋಡಲು ಹೋದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಮಾತು ತೊದಲುತ್ತಿತ್ತು, ಆದರೆ ನೆನಪು ನಿಚ್ಚಳವಾಗಿತ್ತು. ಮೂಗಿನ ಮೇಲೆ ನೊಣ ಕೂರಿಸಿಕೊಂಡ ಅಧಿಕಾರಿಯ ಕಥೆ ಹೇಳಿ ಇಬ್ಬರೂ ನಕ್ಕರು. ಮೇಷ್ಟ್ರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಅವರು ಹೋಗುವುದನ್ನೇ ಕಾಯುತ್ತಿದ್ದವರಂತೆ ಮೇಷ್ಟ್ರು ಹೇಳಿದರು:

"ನಿಮ್ಮ ಹೆಸರು ಮೇಲೆ ಹಾಕ್ಬೇಕಿತ್ತು."

ಯಾವುದರ ಮೇಲೆ ಎಂದು ಅವಳು ಕೇಳಲಿಲ್ಲ. ಹಿಂದೆಂದೂ ಅವಳನ್ನು ಬಹುವಚನದಲ್ಲಿ ಮಾತಾಡಿಸದವರು ಈಗ ನಿಮ್ಮ ಎಂದಿದ್ದನ್ನೂ ಗಮನಿಸಿದಳು. ಹೋಗಲಿ ಬಿಡಿ ಸಾರ್ ಎನ್ನಲು ಬಾಯಿ ತೆರೆದಳು. ಆದರೆ ಆ ಮಾತನ್ನು ಒಮ್ಮೆ ಗಂಡನ ಎದುರು ಹೇಳಿ ಆಗಿತ್ತು, ಆಗಲೂ ಅದು ನಿಜವಾಗಿರಲಿಲ್ಲ.

"ಹೌದು ಸಾರ್," ಎಂದಳು. "ಹಾಕ್ಬೇಕಿತ್ತು."

ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಅವರಿಗೆ ಲೋಟ ಎತ್ತಿಕೊಳ್ಳಲು ಆಗದ್ದನ್ನು ಕಂಡು ಅವಳು ಎದ್ದು, ಚಹಾವನ್ನು ಸಾಸರಿಗೆ ಬಗ್ಗಿಸಿ ಆರಿಸಿ ಹಿಡಿದಳು. ಹನಿಯೂ ಚೆಲ್ಲಲಿಲ್ಲ. ಕೋಣೆಯ ಶಾಖ ಎಷ್ಟಿಡುತ್ತಿದ್ದೆವು, ಹುಳು ನೊಣವಾಗಲು ಸರಿಯಾಗಿ ಎಷ್ಟು ದಿನ, ಕನ್ನಡಕ ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕುತ್ತಿದ್ದಳು ಎಂದೆಲ್ಲ ಅವರು ಕೇಳಿದರು. ಅವಳು ಒಂದೊಂದಕ್ಕೂ ಉತ್ತರ ಹೇಳಿದಳು. ಎರಡು ಕಡೆ ಅವರ ನೆನಪು ತಪ್ಪಾಗಿತ್ತು, ತಿದ್ದಿದಳು.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಕೂತು ಪೇಪರು ಓದುತ್ತಿದ್ದ. ಹೇಗಿದ್ದಾರೆ ಎಂದು ಕೇಳಿದ. ಪರವಾಗಿಲ್ಲ, ಎಲ್ಲ ನೆನಪಿದೆ ಎಂದಳು. ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದವಳು ಹೊಸ್ತಿಲಲ್ಲಿ ನಿಂತು, ಮುಂದಿನ ತಿಂಗಳೂ ಹೋಗಿ ಬರುತ್ತೇನೆ, ಕನ್ನಡಕಳಿಗೂ ಒಂದು ಕಾಗದ ಬರೆಯಬೇಕು, ವಿಳಾಸ ಹುಡುಕಿಕೊಡಿ ಎಂದಳು.